ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮತ್ತು ಅರ್ಧಬಲದ ನಿಯಮ

ಬೆಟ್ಟದ ಮೇಲಿನ ದೇವರ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದು ನಮ್ಮ ನಾಡಿನ ಬಹು ಹಳೆಯ ರೂಢಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಕೊಡಚಾದ್ರಿ ಮತ್ತು ಚಂದ್ರಗುತ್ತಿಗಳಿವೆ. ಜಿಲ್ಲೆಯಾಚೆ ಶಿವಗಂಗೆ, ಮಲೆ ಮಹದೇಶ್ವರ ಬೆಟ್ಟಗಳಿವೆ. ಆದರೆ ದೊಡ್ಡ ನಗರದ ಮಗ್ಗುಲಲ್ಲಿಯೇ ನಿಂತು, ವರ್ಷವಿಡೀ ಭಕ್ತರನ್ನೂ ವ್ಯಾಯಾಮಪ್ರಿಯರನ್ನೂ ಕರೆಯುವ ಬೆಟ್ಟವೆಂದರೆ ಮೈಸೂರಿನ ಚಾಮುಂಡಿ ಬೆಟ್ಟವೇ. ಶಿವಮೊಗ್ಗ, ಭದ್ರಾವತಿಗಳಿಂದ ಮೈಸೂರಿಗೆ ಹೋಗುವ ಕುಟುಂಬಗಳು ಅರಮನೆಯನ್ನು ನೋಡಿ, ಮರುದಿನ ಬೆಳಿಗ್ಗೆ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಬರುವುದು ಸಾಮಾನ್ಯವಾಗಿದೆ.

ರವೀಂದ್ರನಗರದ ನಮ್ಮ ಚಿಕಿತ್ಸಾಲಯಕ್ಕೆ ಆಷಾಢ ಮಾಸ ಕಳೆದ ಮೇಲೂ ದಸರೆಯ ರಜೆ ಮುಗಿದ ಮೇಲೂ ಬರುವವರಲ್ಲಿ ಇಂತಹ ಯಾತ್ರೆಯನ್ನು ಮುಗಿಸಿಕೊಂಡು ಬಂದವರು ಹಲವರಿರುತ್ತಾರೆ. ಕೆಲವರಿಗೆ ಮಂಡಿ ಊದಿರುತ್ತದೆ. ಕೆಲವರಿಗೆ ತೊಡೆ, ಮೀನಖಂಡಗಳು ಬಿಗಿದು ಮನೆಯ ಮೆಟ್ಟಿಲನ್ನು ಇಳಿಯುವುದೂ ಕಷ್ಟವಾಗಿರುತ್ತದೆ. ಇನ್ನು ಕೆಲವರು, ಸಂಖ್ಯೆಯಲ್ಲಿ ಕಡಿಮೆಯಾದರೂ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವವರು, "ಹತ್ತುವಾಗ ಎದೆ ಹಿಡಿದಂತಾಯಿತು, ವಾಯು ಇರಬೇಕು ಎಂದು ಸುಮ್ಮನಿದ್ದೆ" ಎನ್ನುತ್ತಾರೆ. ಈ ಮೂರು ಬಗೆಯ ತೊಂದರೆಗಳ ಹಿಂದೆಯೂ ಇರುವ ಕಾರಣ ಒಂದೇ. ದೇಹಕ್ಕೆ ಎಷ್ಟು ಬಲವಿದೆಯೆಂಬುದನ್ನು ಅರಿಯದೆ, ಇರುವ ಬಲವನ್ನೆಲ್ಲ ಒಂದೇ ಬೆಳಗಿನಲ್ಲಿ ವ್ಯಯಿಸಿಬಿಡುವುದು. ಆಯುರ್ವೇದವು ಇದಕ್ಕೆ ಸರಳವಾದ ಒಂದು ನಿಯಮವನ್ನು ಕೊಟ್ಟಿದೆ. ಅದನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲಿಟ್ಟು ವಿವರಿಸುವುದು ಈ ಲೇಖನದ ಉದ್ದೇಶ.

ಬೆಟ್ಟದ ಅಳತೆ

ಚಾಮುಂಡಿ ಬೆಟ್ಟದ ತುದಿಯು ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಮೈಸೂರು ನಗರವೇ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ನಗರದಿಂದ ಬೆಟ್ಟದ ನೆತ್ತಿಗಿರುವ ಅಂತರವು ಮುನ್ನೂರು ಮೀಟರಿನಷ್ಟು. ಬೆಟ್ಟದ ಮೇಲಿನ ದೇವಾಲಯಗಳಲ್ಲಿ ಮಹಾಬಲೇಶ್ವರನ ಗುಡಿ ಅತ್ಯಂತ ಪ್ರಾಚೀನವಾದುದು. ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹಳೆಯ ಹೆಸರು ಬಂದಿರುವುದೂ ಆ ಶಿವನಿಂದಲೇ. ಮೆಟ್ಟಿಲುಗಳ ದಾರಿಯನ್ನೂ ನಡುದಾರಿಯ ಏಕಶಿಲಾ ನಂದಿಯನ್ನೂ ಮಾಡಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು. ಮೆಟ್ಟಿಲುಗಳು ಒಂದು ಸಾವಿರಕ್ಕೆ ತುಸು ಮಿಕ್ಕಿವೆ. ಸುಮಾರು ಏಳುನೂರು ಮೆಟ್ಟಿಲುಗಳನ್ನು ಏರಿದ ಬಳಿಕ ಹದಿನೈದು ಅಡಿಗಳಷ್ಟು ಎತ್ತರದ ನಂದಿಯ ದರ್ಶನವಾಗುತ್ತದೆ.

ಆರೋಗ್ಯದ ದೃಷ್ಟಿಯಿಂದ ಇಲ್ಲಿ ತಿಳಿಯಬೇಕಾದುದು ಎರಡು. ಮೊದಲನೆಯದು, ಈ ಎತ್ತರದಲ್ಲಿ ಗಾಳಿಯು ಗಮನಾರ್ಹವಾಗಿ ತೆಳುವಾಗುವುದಿಲ್ಲ. "ಮೇಲೆ ಗಾಳಿ ಕಡಿಮೆ, ಅದಕ್ಕೇ ಉಸಿರು ಕಟ್ಟುತ್ತದೆ" ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಎತ್ತರದ ಕಾರಣದಿಂದಲೇ ಉಂಟಾಗುವ ತೊಂದರೆಗಳು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಬಳಿಕ ಆರಂಭವಾಗುತ್ತವೆ. ಸುಮಾರು 3,580 ಮೀಟರ್ ಎತ್ತರದ ಕೇದಾರನಾಥಕ್ಕೆ ಹೋಗುವವರು ಆ ವಿಚಾರವನ್ನು ಪ್ರತ್ಯೇಕವಾಗಿ ವೈದ್ಯರಲ್ಲಿ ಕೇಳಿ ತಿಳಿಯಬೇಕು. ಚಾಮುಂಡಿ ಬೆಟ್ಟದಲ್ಲಿ ಉಸಿರು ಕಟ್ಟಿದರೆ ಅದಕ್ಕೆ ಕಾರಣ ಗಾಳಿಯಲ್ಲ. ಶ್ರಮವು ಬಲವನ್ನು ಮೀರಿರಬೇಕು, ಇಲ್ಲವೇ ಹೃದಯ, ಶ್ವಾಸಕೋಶ ಅಥವಾ ರಕ್ತದಲ್ಲಿ ಏನೋ ಕೊರತೆಯಿರಬೇಕು.

ಎರಡನೆಯದು, ಮೆಟ್ಟಿಲುಗಳ ಲೆಕ್ಕ. ಒಂದೊಂದು ಮೆಟ್ಟಿಲು ಒಂದು ಗೇಣಿಗೆ ತುಸು ಕಡಿಮೆ, ಎಂದರೆ 15ರಿಂದ 20 ಸೆಂಟಿಮೀಟರ್ ಎಂದುಕೊಂಡರೂ ಸಾವಿರ ಮೆಟ್ಟಿಲುಗಳಿಗೆ 150ರಿಂದ 200 ಮೀಟರ್ ಆಗುತ್ತದೆ. ಇದು ಐವತ್ತು, ಅರುವತ್ತು ಅಂತಸ್ತಿನ ಕಟ್ಟಡವನ್ನು ಹತ್ತಿದುದಕ್ಕೆ ಸಮ. ಎರಡು ಅಂತಸ್ತಿನ ಮನೆಯಲ್ಲಿ ಮಹಡಿಗೆ ಹೋಗುವುದನ್ನೂ ಮುಂದೂಡುವವರು ಒಂದೇ ಬೆಳಗಿನಲ್ಲಿ ಇಷ್ಟನ್ನು ಮಾಡಹೊರಟರೆ ದೇಹವು ಪ್ರತಿಭಟಿಸದೆ ಇರುವುದೇ?

ಅರ್ಧಬಲವೆಂದರೇನು?

ವ್ಯಾಯಾಮವನ್ನು ಆಯುರ್ವೇದವು ದಿನಚರ್ಯೆಯ ಅಂಗವಾಗಿಯೇ ಹೇಳಿದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಅದರ ಫಲಗಳನ್ನು ಎಣಿಸುತ್ತಾರೆ: ದೇಹದಲ್ಲಿ ಹಗುರತನ, ಕೆಲಸ ಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ, ಅವಯವಗಳ ದೃಢತೆ. ಆದರೆ ಅದೇ ಪ್ರಕರಣದಲ್ಲಿ ಬಲವಂತರೂ, ಸ್ನಿಗ್ಧವಾದ ಆಹಾರವನ್ನು ಸೇವಿಸುವವರೂ ಸಹ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರವೇ ವ್ಯಾಯಾಮಕ್ಕೆ ಬಳಸಬೇಕೆಂಬ ಮಿತಿಯನ್ನು ವಿಧಿಸಿದ್ದಾರೆ. ಅದೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಮೆಲ್ಲಗೆ. ಈ ಮಿತಿಯನ್ನು ಮೀರಿದರೆ ಬಾಯಾರಿಕೆ, ಬಳಲಿಕೆ, ಉಬ್ಬಸ, ಕೆಮ್ಮು, ಜ್ವರ, ವಾಂತಿ ಮೊದಲಾದವು ಉಂಟಾಗುತ್ತವೆಂದು ಹೇಳಿ, ಆನೆಯನ್ನು ಎಳೆಯಹೊರಟ ಸಿಂಹದ ಉಪಮೆಯನ್ನು ಕೊಡುತ್ತಾರೆ. ಸಿಂಹಕ್ಕೆ ಬಲವಿಲ್ಲವೆಂದಲ್ಲ, ಎಳೆಯುತ್ತಿರುವ ಭಾರವು ಅದರ ಬಲಕ್ಕೆ ಮೀರಿದ್ದು ಎಂಬುದು ಅದರ ತಾತ್ಪರ್ಯ.

ಅರ್ಧಬಲವನ್ನು ತಿಳಿಯುವುದು ಹೇಗೆ? ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಸುಶ್ರುತಾಚಾರ್ಯರು ಹೇಳುವ ಲಕ್ಷಣವು ತೀರ ಪ್ರತ್ಯಕ್ಷವಾದುದು: ವ್ಯಾಯಾಮ ಮಾಡುವವನ ಹೃದಯದೆಡೆಯಲ್ಲಿರುವ ವಾಯುವು ಬಾಯಿಗೆ ಬಂದಾಗ ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕು. ಎಂದರೆ, ಅದುವರೆಗೆ ಮೂಗಿನಿಂದ ಸಲೀಸಾಗಿ ನಡೆಯುತ್ತಿದ್ದ ಉಸಿರಾಟಕ್ಕೆ ಈಗ ಬಾಯಿಯನ್ನು ತೆರೆಯಬೇಕಾಗುತ್ತದೆ. ಇದರೊಂದಿಗೆ ಹಣೆ, ಮೂಗು, ಕಂಕುಳು, ಕೀಲುಗಳ ಎಡೆಯಲ್ಲಿ ಬೆವರು ಮೂಡುವುದನ್ನೂ ಬಾಯಿ ಒಣಗುವುದನ್ನೂ ಗುರುತಾಗಿ ಹೇಳುವುದುಂಟು.

ಇಂದಿನ ವೈದ್ಯವಿಜ್ಞಾನವು ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುತ್ತದೆ. ಕಠಿಣ ಶ್ರಮದಲ್ಲಿ ಆರೋಗ್ಯವಂತರ ಹೃದಯವು ಅದರ ಮೂರು, ನಾಲ್ಕು ಪಟ್ಟು ಹರಿಸಬಲ್ಲದು. ಶ್ರಮವು ಹಿತಮಿತವಾಗಿರುವವರೆಗೆ ಸ್ನಾಯುಗಳಿಗೆ ಬೇಕಾದ ಪ್ರಾಣವಾಯು ದೊರೆಯುತ್ತಿರುತ್ತದೆ. ಮಿತಿಯನ್ನು ದಾಟಿದೊಡನೆ ಉಸಿರಾಟವು ಒಮ್ಮೆಲೇ ತೀವ್ರವಾಗುತ್ತದೆ. ಆ ಗಡಿಯನ್ನು ಗುರುತಿಸಲು ಇಂದಿನವರು ಹೇಳುವ ಉಪಾಯವೂ ಸುಲಭವೇ. ಹತ್ತುತ್ತಿರುವಾಗ ಪಕ್ಕದವರೊಂದಿಗೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಿದ್ದರೆ ಶ್ರಮವು ಮಿತಿಯೊಳಗಿದೆ. ಎರಡು ಮೂರು ಪದಗಳಿಗೊಮ್ಮೆ ಮಾತು ತುಂಡಾದರೆ ಮಿತಿ ಮೀರಿದೆ. ಶಿವನಾಮಸ್ಮರಣೆ ಮಾಡುತ್ತ ಹತ್ತುವ ನಮ್ಮ ಭಕ್ತರಿಗೆ ಈ ಪರೀಕ್ಷೆಯು ತಾನಾಗಿಯೇ ಒದಗಿರುತ್ತದೆ. ಪಂಚಾಕ್ಷರಿಯನ್ನು ಬಾಯಿಬಿಟ್ಟು ಉಚ್ಚರಿಸಲು ಉಸಿರು ಸಾಲದಾದರೆ ಅಲ್ಲಿಯೇ ನಿಲ್ಲತಕ್ಕದ್ದು.

ಏದುಸಿರನ್ನು ಅದುಮಬಾರದು

ಗುಂಪಿನಲ್ಲಿ ಹತ್ತುವವರು ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮಕ್ಕಳು ಮುಂದೆ ಓಡುತ್ತಾರೆ. ಸೊಸೆಯಂದಿರೂ ಅಳಿಯಂದಿರೂ ಚುರುಕಾಗಿ ಹತ್ತುತ್ತಾರೆ. ಹಿರಿಯರು ಹಿಂದುಳಿಯಲು ಸಂಕೋಚಪಟ್ಟು, ಏದುಸಿರು ಕಾಣಿಸದಂತೆ ತುಟಿಯನ್ನು ಬಿಗಿಹಿಡಿದು ಹೆಜ್ಜೆ ಹಾಕುತ್ತಾರೆ. ಯಾರಾದರೂ ವಿಚಾರಿಸಿದರೆ "ನನಗೇನೂ ಆಗಿಲ್ಲ, ನೀವು ನಡೆಯಿರಿ" ಎನ್ನುತ್ತಾರೆ.

ಆಯುರ್ವೇದದಲ್ಲಿ ತಡೆಯಬಾರದ ವೇಗಗಳು ಹದಿಮೂರು. ಹಸಿವು, ಬಾಯಾರಿಕೆ, ನಿದ್ರೆ, ಮಲಮೂತ್ರಗಳೊಂದಿಗೆ ಶ್ರಮಶ್ವಾಸವೂ, ಎಂದರೆ ಶ್ರಮದಿಂದ ಬರುವ ಏದುಸಿರೂ ಆ ಪಟ್ಟಿಯಲ್ಲಿದೆ. ಅದನ್ನು ತಡೆದರೆ ಗುಲ್ಮ, ಹೃದ್ರೋಗ ಮತ್ತು ಎಚ್ಚರ ತಪ್ಪುವಿಕೆ ಉಂಟಾಗಬಹುದೆಂದು ಚರಕಸಂಹಿತೆಯು ಎಚ್ಚರಿಸುತ್ತದೆ. ಅದಕ್ಕೆ ಹೇಳಿರುವ ಚಿಕಿತ್ಸೆ ವಿಶ್ರಾಂತಿ ಮತ್ತು ವಾತಶಾಮಕ ಉಪಚಾರ. ಏದುಸಿರು ದೇಹವು ಕೇಳುತ್ತಿರುವ ಸಹಾಯ. ಅದನ್ನು ಅಡಗಿಸುವುದೆಂದರೆ ಆ ಕೂಗಿಗೆ ಕಿವಿ ಮುಚ್ಚಿದಂತೆ. ಆದುದರಿಂದ ಹಿರಿಯರು ನಿಲ್ಲುವುದಕ್ಕೆ ನಾಚಬೇಕಿಲ್ಲ. ಕಿರಿಯರು ಹಿರಿಯರ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡು, ಕುಟುಂಬದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರನ್ನೇ ಮುಂದೆ ಬಿಡುವುದು ಉತ್ತಮ ಪದ್ಧತಿ.

ಮಹಿಳೆಯರು ಮಾಡುವ ಇನ್ನೊಂದು ವೇಗಧಾರಣೆಯೂ ಇದೆ. ದಾರಿಯಲ್ಲಿ ಶೌಚಕ್ಕೆ ತೊಂದರೆಯಾದೀತೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಹೊರಡುವುದು. ಬಾಯಾರಿಕೆಯನ್ನು ತಡೆದು ಬೆವರು ಹರಿಸಿದರೆ ತಲೆಸುತ್ತು, ಸ್ನಾಯುಸೆಳೆತ, ಮೂತ್ರದ ಉರಿ ಬರುವ ಸಂಭವವಿದೆ. ಹತ್ತುವುದಕ್ಕೆ ಒಂದು ಗಂಟೆ ಮೊದಲು ಒಂದೆರಡು ಲೋಟ ನೀರು ಕುಡಿದು, ಹೊರಡುವ ಮುನ್ನ ಶೌಚವನ್ನು ಮುಗಿಸಿಕೊಂಡು, ದಾರಿಯಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತ ಹೋದರೆ ಎರಡೂ ತೊಂದರೆಗಳು ತಪ್ಪುತ್ತವೆ.

ಎದೆಯ ನೋವು ವಾಯುವೇ?

ಭದ್ರಾವತಿಯ ಕಡೆಯ ಹಿರಿಯರೊಬ್ಬರು ನಮ್ಮಲ್ಲಿಗೆ ಗ್ಯಾಸ್ಟ್ರಿಕ್‌ಗೆ ಔಷಧಿ ಕೇಳಿಕೊಂಡು ಬಂದರು. ಬೆಟ್ಟ ಹತ್ತುವಾಗ ಎದೆಯ ನಡುವೆ ಬಿಗಿತ, ಎಡ ಭುಜದಲ್ಲಿ ಸೆಳೆತ. ಕಟ್ಟೆಯ ಮೇಲೆ ಐದು ನಿಮಿಷ ಕುಳಿತರೆ ಮಾಯ. ಮತ್ತೆ ಐವತ್ತು ಮೆಟ್ಟಿಲು ಹತ್ತಿದರೆ ಮತ್ತೆ ಅದೇ. ತೇಗು ಬಂದುದರಿಂದ ವಾಯುವೆಂದೇ ಅವರು ನಂಬಿದ್ದರು. ಊಟಕ್ಕೂ ನೋವಿಗೂ ಸಂಬಂಧವಿದೆಯೇ ಎಂದು ಕೇಳಿದೆವು. ಇರಲಿಲ್ಲ. ನಡಿಗೆಗೂ ನೋವಿಗೂ ಸಂಬಂಧವಿತ್ತು. ಚೂರ್ಣವನ್ನು ಕೊಡದೆ ಅಂದೇ ಅವರನ್ನು ಹೃದಯತಜ್ಞರಲ್ಲಿಗೆ ಕಳುಹಿಸಿದೆವು. ಹೃದಯದ ರಕ್ತನಾಳಗಳಲ್ಲಿ ಅಡಚಣೆಯಿರುವುದು ಪತ್ತೆಯಾಗಿ ಸಕಾಲದಲ್ಲಿ ಚಿಕಿತ್ಸೆ ದೊರೆಯಿತು. ಇಂದು ಅವರು ಸಮತಟ್ಟಾದ ನೆಲದಲ್ಲಿ ನಿತ್ಯವೂ ನಡೆಯುತ್ತಾರೆ.

ಇದನ್ನು ಪ್ರತಿಯೊಬ್ಬ ಭಕ್ತರೂ ನೆನಪಿಡಬೇಕೆಂದು ನಮ್ಮ ವಿನಂತಿ. ಶ್ರಮಪಟ್ಟಾಗ ಬಂದು, ನಿಂತಾಗ ಹೋಗುವ ಎದೆಯ ಬಿಗಿತ, ಭಾರ ಅಥವಾ ಉರಿಯನ್ನು ಹೃದಯದ್ದೆಂದೇ ಮೊದಲು ಭಾವಿಸಬೇಕು. ಅದು ದವಡೆಯಲ್ಲಿ, ಕುತ್ತಿಗೆಯಲ್ಲಿ, ಎಡಗೈಯಲ್ಲಿ, ಬೆನ್ನಿನಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿಯೂ ಕಾಣಿಸಿಕೊಳ್ಳಬಹುದು. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಅಸಹಜವಾದ ಸುಸ್ತು, ಏದುಸಿರು, ತಣ್ಣನೆಯ ಬೆವರು ಮಾತ್ರ ಇರಬಹುದು. ಮಹಿಳೆಯರಲ್ಲಿಯೂ ಲಕ್ಷಣಗಳು ಹೀಗೆ ಮಸುಕಾಗಿರುವುದುಂಟು. ಬೆಟ್ಟದಲ್ಲಿ ಇಂತಹ ಲಕ್ಷಣ ಕಂಡರೆ ಮೇಲಕ್ಕೂ ಹೋಗಬಾರದು, ತಾವಾಗಿ ಕೆಳಕ್ಕೂ ಇಳಿಯಬಾರದು. ಇದ್ದಲ್ಲಿಯೇ ಕುಳಿತು, ಜೊತೆಯವರಿಗೆ ಹೇಳಿ, 108ಕ್ಕೆ ಕರೆ ಮಾಡಿಸಬೇಕು. ಕುಳಿತ ಕೂಡಲೇ ನೋವು ಹೋಯಿತೆಂದರೂ ಯಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಹೃದಯದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು.

ಇಳಿಯುವಾಗ ಮಂಡಿಗೆ ಹೆಚ್ಚು ಭಾರ

ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಉಸಿರಿನ ಮಟ್ಟಿಗೆ ನಿಜ. ಕೀಲುಗಳ ಮಟ್ಟಿಗೆ ಹಾಗಲ್ಲ. ಮೆಟ್ಟಿಲು ಹತ್ತುವಾಗ ಮಂಡಿಯ ಕೀಲಿನ ಮೇಲೆ ದೇಹತೂಕದ ಮೂರು ಪಟ್ಟಿಗೂ ತುಸು ಹೆಚ್ಚು ಭಾರ ಬೀಳುತ್ತದೆ. ಇಳಿಯುವಾಗ ಅದು ಮೂರೂವರೆ ಪಟ್ಟಿನ ಸಮೀಪಕ್ಕೆ ಏರುತ್ತದೆ. ಎಂದರೆ 60 ಕಿಲೋ ತೂಕದವರ ಮಂಡಿಯು ಪ್ರತಿಯೊಂದು ಹೆಜ್ಜೆಗೂ ಇನ್ನೂರು ಕಿಲೋವಿನಷ್ಟು ಒತ್ತಡವನ್ನು ತಾಳಿಕೊಳ್ಳಬೇಕಾಗುತ್ತದೆ. ಹೆಗಲಿಗೆ ಐದು ಕಿಲೋ ಚೀಲವಿದ್ದರೆ ಅದರ ಭಾರವೂ ಇದೇ ಲೆಕ್ಕದಲ್ಲಿ ಹೆಚ್ಚುತ್ತದೆ.

ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಬಿಗಿಹಿಡಿದು ದೇಹವನ್ನು ತಡೆಯಬೇಕಾಗುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸೂಕ್ಷ್ಮವಾದ ಗಾಯಗಳಾಗುತ್ತವೆ. ಅಂದು ಏನೂ ತಿಳಿಯುವುದಿಲ್ಲ. ಮರುದಿನ, ಮೂರನೆಯ ದಿನ ನೋವು ಹೆಚ್ಚಾಗಿ, ಬಳಿಕ ತಾನಾಗಿ ಇಳಿಯುತ್ತದೆ. ಇದಕ್ಕೆ ಹೆದರಬೇಕಾದುದಿಲ್ಲ. ಆದರೆ ಮಂಡಿಯೇ ಊದಿಕೊಂಡರೆ, ಬಿಸಿಯಾದರೆ, ಮಡಿಸಿದಾಗ ಸಿಕ್ಕಿಕೊಂಡಂತಾದರೆ ಅದನ್ನು ಸ್ನಾಯುನೋವೆಂದು ಕಡೆಗಣಿಸಬಾರದು.

ಸಂಧಿವಾತವುಳ್ಳವರಿಗೆ ನಾವು ಹೇಳುವ ಸಲಹೆ ಹೀಗಿದೆ. ನಿಮ್ಮ ವೈದ್ಯರು ಒಪ್ಪಿದರೆ, ಶಕ್ತಿಯಿದ್ದಷ್ಟು ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿರಿ. ಇಳಿಯುವುದಕ್ಕೆ ಬಸ್ಸನ್ನು ಬಳಸಿರಿ. ಬೆಟ್ಟದ ಮೇಲಿನಿಂದ ನಗರಕ್ಕೆ ಬಸ್ಸುಗಳಿವೆ. ನಡೆದೇ ಇಳಿಯಬೇಕಾದರೆ ಊರುಗೋಲನ್ನು ಹಿಡಿದು, ನೋವಿರುವ ಕಾಲನ್ನು ಮೊದಲು ಕೆಳಗಿಟ್ಟು, ಇನ್ನೊಂದನ್ನು ಅದೇ ಮೆಟ್ಟಿಲಿಗೆ ತಂದು, ಒಂದೊಂದಾಗಿ ಇಳಿಯಬೇಕು. ಹತ್ತುವಾಗ ಇದರ ವಿಪರ್ಯಯ: ಗಟ್ಟಿಯಿರುವ ಕಾಲು ಮೊದಲು.

ಆಷಾಢದ ವಿಶೇಷ ಎಚ್ಚರಿಕೆ

ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರಗಳಂದು ಅಪಾರ ಜನಸಂದಣಿಯಿರುತ್ತದೆ. ಋತುಚರ್ಯೆಯ ದೃಷ್ಟಿಯಿಂದ ನೋಡಿದರೆ ಇದು ದೇಹಬಲವು ಅತ್ಯಂತ ಕಡಿಮೆಯಿರುವ ಕಾಲ. ಉತ್ತರಾಯಣವು ಬಲವನ್ನು ಹೀರುವ ಆದಾನಕಾಲ, ದಕ್ಷಿಣಾಯನವು ಬಲವನ್ನು ಕೊಡುವ ವಿಸರ್ಗಕಾಲ. ಆದಾನದ ಕೊನೆಯಲ್ಲಿಯೂ ವಿಸರ್ಗದ ಮೊದಲಲ್ಲಿಯೂ ಮನುಷ್ಯರಿಗೆ ದೌರ್ಬಲ್ಯವಿರುತ್ತದೆಂದು ಚರಕಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಗ್ರೀಷ್ಮವು ಮುಗಿದು ವರ್ಷಋತು ತೊಡಗುವ ಈ ಸಂಧಿಯಲ್ಲಿ ಜಠರಾಗ್ನಿಯೂ ಮಂದವಾಗಿರುತ್ತದೆ. ಮಳೆಯಿಂದ ಕಲ್ಲುಮೆಟ್ಟಿಲುಗಳು ಜಾರುತ್ತಿರುತ್ತವೆ. ಹಿಂದಿನಿಂದ ಜನರ ಒತ್ತಡ ಬೇರೆ. ಆರೋಗ್ಯದ ತೊಂದರೆಯುಳ್ಳವರು ಮೆಟ್ಟಿಲು ಹತ್ತುವ ಹರಕೆಯನ್ನು ಹೇಮಂತ, ಶಿಶಿರಗಳ ಚಳಿಗಾಲಕ್ಕೆ ಇಟ್ಟುಕೊಂಡು, ಆಷಾಢದಲ್ಲಿ ವಾಹನದಲ್ಲಿ ಹೋಗಿ ದರ್ಶನ ಪಡೆಯುವುದು ವಿವೇಕ.

ಪ್ರತಿಯೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯೂ ಇಲ್ಲಿ ರೂಢಿಯಲ್ಲಿದೆ. ಸಾವಿರ ಬಾರಿ ಬಾಗಿ ಏಳುವುದು ಸಾವಿರ ಮೆಟ್ಟಿಲು ಹತ್ತುವುದಕ್ಕಿಂತಲೂ ಕಠಿಣವಾದ ಶ್ರಮ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರಿಗೆ ಬಾಗಿ ಎದ್ದೊಡನೆ ಕಣ್ಣು ಕತ್ತಲಿಡಬಹುದು. ಸೊಂಟನೋವಿನವರಿಗೆ ನೋವು ಉಲ್ಬಣಿಸಬಹುದು. ಮನೆಯವರೆಲ್ಲ ಮೆಟ್ಟಿಲುಗಳನ್ನು ಹಂಚಿಕೊಂಡು ಹಚ್ಚಿದರೆ ಭಾರವು ಹಗುರವಾಗುತ್ತದೆ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ಹೃದ್ರೋಗವುಳ್ಳವರು, ಸ್ಟೆಂಟ್ ಹಾಕಿಸಿಕೊಂಡವರು, ಉಬ್ಬಸವುಳ್ಳವರು, ರಕ್ತಹೀನತೆಯುಳ್ಳವರು ಮತ್ತು ಗರ್ಭಿಣಿಯರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಮೆಟ್ಟಿಲುಗಳನ್ನು ಹತ್ತಬಾರದು. ರಕ್ತದೊತ್ತಡವು 180/110 ಅಥವಾ ಅದಕ್ಕೂ ಹೆಚ್ಚಿದ್ದರೆ ಅದು ಹತೋಟಿಗೆ ಬರುವವರೆಗೆ ಬೆಟ್ಟದ ಯೋಚನೆಯನ್ನು ಬಿಡಬೇಕು. ಯಾತ್ರೆಯ ದಿನವೆಂದು ಮಾತ್ರೆಯನ್ನು ಬಿಡಬಾರದು. ಆಯುರ್ವೇದ ಔಷಧಿಯನ್ನು ಸೇವಿಸುತ್ತಿದ್ದೇವೆಂಬ ಕಾರಣಕ್ಕೂ ತಾವಾಗಿಯೇ ಬಿಡಬಾರದು.

ಮಧುಮೇಹಿಗಳಿಗೆ ಎರಡು ಮಾತು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಹತ್ತಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಹೊರಡುವ ಮುನ್ನ ಪರೀಕ್ಷಿಸಿದಾಗ ಅದು 100ಕ್ಕಿಂತ ಕಡಿಮೆಯಿದ್ದರೆ ಏನನ್ನಾದರೂ ತಿಂದೇ ಹೊರಡಬೇಕು. ಕೈ ನಡುಕ, ಬೆವರು, ಕಣ್ಣು ಮಂಜಾಗುವಿಕೆ ಕಂಡರೆ ಮೂರು ನಾಲ್ಕು ಚಮಚ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ಕೂಡಲೇ ತಿನ್ನಬೇಕು. ಅದು ಸೊಂಟದ ಚೀಲದಲ್ಲಿಯೇ ಇರಲಿ. ಎರಡನೆಯದು ಪಾದಗಳ ವಿಚಾರ. ಬರಿಗಾಲಿನಲ್ಲಿ ಹತ್ತುವ ವ್ರತವು ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸಲ್ಲದು. ಕಾದ ಕಲ್ಲು ಸುಟ್ಟರೂ, ಚೂಪಾದ ಹರಳು ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ. ವಾರದ ಬಳಿಕ ಕಾಣುವ ಹುಣ್ಣು ಬೆರಳನ್ನೇ ಕಳೆಯುವ ಹಂತಕ್ಕೆ ಹೋಗಬಹುದು. ಪಾದರಕ್ಷೆಯನ್ನು ದೇವಾಲಯದ ಬಳಿ ಬಿಟ್ಟರೆ ಸಾಕು. ಇಳಿದ ಮೇಲೆ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ಮನೆಯವರಿಂದ ನೋಡಿಸಿಕೊಳ್ಳಬೇಕು.

ತೀರ ವೃದ್ಧರಿಗೂ ಅಜೀರ್ಣವಿರುವವರಿಗೂ ವಾತಪಿತ್ತಗಳ ರೋಗವಿರುವವರಿಗೂ ಶಾಸ್ತ್ರವು ವ್ಯಾಯಾಮವನ್ನು ನಿಷೇಧಿಸಿದೆ. ಆದರೆ ದೇಹವನ್ನು ಪೀಡಿಸದಂತಹ ನಡಿಗೆಯನ್ನು ಸುಶ್ರುತರು ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ಹೆಚ್ಚಿಸುವುದೆಂದು ಹೊಗಳಿದ್ದಾರೆ. ಅಂತಹವರು ಬೆಟ್ಟದ ಮೇಲೆ ವಾಹನದಲ್ಲಿ ಹೋಗಿ ದೇವಾಲಯದ ಸುತ್ತ ನಿಧಾನವಾಗಿ ಅಡ್ಡಾಡಿದರೂ ಫಲವಿದೆ.

ಮನೆಯಲ್ಲಿಯೇ ಸಿದ್ಧತೆ

ಬೆಟ್ಟಕ್ಕೆ ಸಿದ್ಧತೆಯನ್ನು ಆರು ವಾರ ಮೊದಲು ಆರಂಭಿಸಬೇಕು. ನಮ್ಮ ಬಡಾವಣೆಗಳ ಮನೆಗಳಲ್ಲಿ ಮಹಡಿಗೆ ಹೋಗುವ ಮೆಟ್ಟಿಲುಗಳು ಸಾಮಾನ್ಯವಾಗಿ ಇಪ್ಪತ್ತರ ಸುಮಾರಿಗಿರುತ್ತವೆ. ಅದನ್ನು ಐವತ್ತು ಸಲ ಹತ್ತಿದರೆ ಒಂದು ಚಾಮುಂಡಿ ಬೆಟ್ಟವಾಯಿತು.

ಮೊದಲ ವಾರ ದಿನಕ್ಕೆ ಐದು ಸಲ ಹತ್ತಿ ಇಳಿಯಿರಿ. ಜೊತೆಗೆ ಅರ್ಧ ಗಂಟೆ ಸಮತಟ್ಟಾದ ನಡಿಗೆ ಇರಲಿ. ವಾರಕ್ಕೆ ನಾಲ್ಕೈದು ಸುತ್ತುಗಳಂತೆ ಹೆಚ್ಚಿಸುತ್ತ ಆರನೆಯ ವಾರದ ಹೊತ್ತಿಗೆ ಇಪ್ಪತ್ತೈದು ಸುತ್ತುಗಳಿಗೆ ಬನ್ನಿರಿ. ಸುತ್ತುಗಳ ನಡುವೆ ಉಸಿರು ಸಮಸ್ಥಿತಿಗೆ ಬರುವವರೆಗೆ ನಿಲ್ಲಿರಿ. ಉಸಿರು ಬಾಯಿಗೆ ಬಂದೊಡನೆ ಆ ದಿನದ ಅಭ್ಯಾಸವನ್ನು ಮುಗಿಸಿರಿ. ಇಪ್ಪತ್ತೈದು ಸುತ್ತುಗಳನ್ನು ಅರ್ಧಬಲದಲ್ಲಿ ಮುಗಿಸಬಲ್ಲವರಿಗೆ, ಸಾಕಷ್ಟು ವಿಶ್ರಾಂತಿಯೊಂದಿಗೆ, ಬೆಟ್ಟವು ಕಷ್ಟವಾಗುವುದಿಲ್ಲ. ಎಂಟು ಹತ್ತು ಸುತ್ತಿಗೇ ಎದೆ ಹಿಡಿದರೆ ಅದು ಮನೆಯಲ್ಲಿಯೇ ತಿಳಿದುದು ಒಳ್ಳೆಯದಾಯಿತೆಂದು ಭಾವಿಸಿ ವೈದ್ಯರಲ್ಲಿಗೆ ಹೋಗಿರಿ.

ತೂಕ ಇಳಿಸಲೆಂದು ಒಂದು ದಿನ ಬೆಟ್ಟ ಹತ್ತುವವರಿಗೂ ಒಂದು ಮಾತು. 60 ಕಿಲೋ ದೇಹವನ್ನು 200 ಮೀಟರ್ ಮೇಲಕ್ಕೆ ಒಯ್ಯಲು ವ್ಯಯವಾಗುವುದು ಸುಮಾರು 120ರಿಂದ 140 ಕ್ಯಾಲೊರಿ. ಇಳಿದ ಮೇಲೆ ತಿನ್ನುವ ಒಂದು ಮಸಾಲೆ ದೋಸೆಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಮೇದಸ್ಸು ಕರಗುವುದು ನಿತ್ಯದ ಅಭ್ಯಾಸದಿಂದ.

ಹತ್ತುವ ದಿನ

ಶಿವಮೊಗ್ಗದಿಂದ ರಾತ್ರಿಯ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ನಿದ್ದೆಗೆಟ್ಟು ಹೋಗಿ, ಇಳಿದೊಡನೆ ಬೆಟ್ಟಕ್ಕೆ ಹೋಗಬೇಡಿ. ರಾತ್ರಿಜಾಗರಣೆಯಿಂದ ರೂಕ್ಷಗುಣವೂ ವಾತವೂ ಹೆಚ್ಚುತ್ತವೆ. ಒಂದು ರಾತ್ರಿ ತಂಗಿ ಮರುದಿನ ಹತ್ತಿರಿ.

ನಮ್ಮಲ್ಲಿ ಅನೇಕರು ಇಷ್ಟಲಿಂಗ ಪೂಜೆಯಾಗದೆ ಏನನ್ನೂ ಸೇವಿಸುವುದಿಲ್ಲ. ಪ್ರಯಾಣದ ಅವಸರದಲ್ಲಿ ಪೂಜೆಯು ತಡವಾದರೆ ಉಪವಾಸದಲ್ಲಿಯೇ ಬೆಟ್ಟ ಹತ್ತುವಂತಾಗುತ್ತದೆ. ಬೇಗನೆ ಎದ್ದು, ಪೂಜೆಯನ್ನು ಮುಗಿಸಿ, ಲಘುವಾದ ಪ್ರಸಾದವನ್ನು ಸ್ವೀಕರಿಸಿ ಒಂದೂವರೆ, ಎರಡು ಗಂಟೆಗಳ ಬಳಿಕ ಹತ್ತಲು ತೊಡಗಿರಿ. ಇಡ್ಲಿ, ಅವಲಕ್ಕಿ, ಗಂಜಿ ಸಾಕು. ಪೂರಿ, ವಡೆ ಬೇಡ.

ಬಿಸಿಲೇರುವ ಮೊದಲು ಹತ್ತಿ ಮುಗಿಸಬೇಕು. ಐವತ್ತು ಮೆಟ್ಟಿಲುಗಳಿಗೊಮ್ಮೆ ನಿಂತು, ಉಸಿರು ಮೂಗಿಗೆ ಮರಳಿದ ಮೇಲೆಯೇ ಮುಂದಿನ ಹೆಜ್ಜೆಯಿಡಬೇಕು. ಅರುವತ್ತು ದಾಟಿದವರು ಒಂದೂವರೆ ಗಂಟೆ ತೆಗೆದುಕೊಂಡರೂ ತಪ್ಪಿಲ್ಲ. ನಂದಿಯ ಬಳಿ ಕಡ್ಡಾಯವಾಗಿ ಹದಿನೈದು ನಿಮಿಷ ಕುಳಿತುಕೊಳ್ಳಿರಿ. ವಾಹನದ ರಸ್ತೆಯೂ ಈ ಎಡೆಯನ್ನು ಮುಟ್ಟುತ್ತದೆ. ದಣಿವು ಹೆಚ್ಚಿದ್ದರೆ ಅಲ್ಲಿಗೆ ವಾಹನ ಬರುವುದೇ ಎಂದು ವಿಚಾರಿಸಿಕೊಂಡು, ಅಲ್ಲಿಗೇ ನಿಲ್ಲಿಸಬಹುದು. ತಿನಿಸಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹತ್ತಬೇಡಿ, ಮಂಗಗಳು ಮೇಲೆರಗುತ್ತವೆ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇಳಿದ ಮೇಲೆ

ಬೆವರಿದ ಮೈಗೆ ಕೂಡಲೇ ತಣ್ಣೀರು ಸುರಿದುಕೊಳ್ಳಬಾರದು. ಮಂಜುಗಡ್ಡೆ ಹಾಕಿದ ಪಾನೀಯವೂ ಬೇಡ. ಸ್ವಲ್ಪ ಹೊತ್ತು ಕುಳಿತು, ಜೀರಿಗೆ ಬೆರೆಸಿದ ಮಜ್ಜಿಗೆಯನ್ನೋ ಬೆಲ್ಲದ ಪಾನಕವನ್ನೋ ಕುಡಿಯಿರಿ. ರಕ್ತದೊತ್ತಡದವರು ಮಜ್ಜಿಗೆಗೆ ಉಪ್ಪನ್ನು ಹಾಕಿಕೊಳ್ಳಬಾರದು, ಮಧುಮೇಹಿಗಳು ಪಾನಕವನ್ನು ಬಿಡಬೇಕು. ಚರಕರು ದಣಿವನ್ನು ಪರಿಹರಿಸುವ ಶ್ರಮಹರ ದ್ರವ್ಯಗಳೆಂದು ಹತ್ತನ್ನು ಹೇಳಿದ್ದಾರೆ. ಅವುಗಳಲ್ಲಿ ದ್ರಾಕ್ಷಿ, ಖರ್ಜೂರ, ದಾಳಿಂಬೆ, ಎಲಚಿಹಣ್ಣು, ಕಬ್ಬು, ಜವೆಗೋಧಿಗಳು ನಮಗೆ ಸುಲಭವಾಗಿ ದೊರೆಯುತ್ತವೆ. ನೆನೆಸಿದ ಒಣದ್ರಾಕ್ಷಿಯೂ ನಾಲ್ಕು ಖರ್ಜೂರಗಳೂ ಚೀಲದಲ್ಲಿದ್ದರೆ ಹೊರಗಿನ ಕುರುಕಲು ತಿಂಡಿ ಬೇಕಾಗುವುದಿಲ್ಲ.

ಸಂಜೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ತೊಡೆ, ಮಂಡಿ, ಮೀನಖಂಡಗಳಿಗೆ ಮೆಲ್ಲಗೆ ಹಚ್ಚಿ, ಅರ್ಧ ಗಂಟೆಯ ಬಳಿಕ ಬಿಸಿನೀರಿನ ಸ್ನಾನ ಮಾಡಿರಿ. ಮಲಗುವಾಗ ಅಂಗಾಲಿಗೆ ಎಣ್ಣೆ ಹಚ್ಚಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಊತವಿರುವ ಅಥವಾ ಉಳುಕಿದ ಕೀಲನ್ನು ಮಾತ್ರ ತಿಕ್ಕಬಾರದು. ಮರುದಿನ ಪೂರ್ಣವಾಗಿ ಮಲಗುವುದಕ್ಕಿಂತ ಸ್ವಲ್ಪ ನಡೆದಾಡುವುದರಿಂದ ಬಿಗಿತವು ಬೇಗ ಸಡಿಲಗೊಳ್ಳುತ್ತದೆ.

ಹರಕೆ ಮತ್ತು ದೇಹ

"ಹತ್ತುತ್ತೇನೆಂದು ಹರಸಿಕೊಂಡಿದ್ದೇನೆ, ಅರ್ಧಕ್ಕೆ ಹಿಂದಿರುಗಿದರೆ ದೋಷವಲ್ಲವೇ?" ಎಂದು ನಮ್ಮನ್ನು ಕೇಳುವವರಿದ್ದಾರೆ. ವೈದ್ಯರಾಗಿ ನಾವು ಹೇಳಬಹುದಾದುದು ಇಷ್ಟೇ. ಶರಣರು ಈ ಶರೀರವನ್ನು ಕಾಯಕಕ್ಕೆ ಸಾಧನವೆಂದು ಕಂಡರು, ಅದನ್ನು ದಂಡಿಸುವುದರಲ್ಲಿ ಹೆಚ್ಚುಗಾರಿಕೆಯನ್ನು ಕಾಣಲಿಲ್ಲ. ಏಳುನೂರು ಮೆಟ್ಟಿಲು ಹತ್ತಿ ನಂದಿಗೆ ಕೈಮುಗಿದು ಮರಳಿದವರೂ ಬಸ್ಸಿನಲ್ಲಿ ಹೋಗಿ ದರ್ಶನ ಪಡೆದವರೂ ಭಕ್ತಿಯಲ್ಲಿ ಕಡಿಮೆಯವರಲ್ಲ. ಮನೆಯ ಹಿರಿಯರು ಮೆಟ್ಟಿಲ ಮೇಲೆ ನಿಂತು "ಇನ್ನು ಸಾಕು" ಎಂದಾಗ ಕಿರಿಯರು "ಇನ್ನೇನು ಬಂದೇಬಿಟ್ಟಿತು, ಹತ್ತಿ" ಎಂದು ಒತ್ತಾಯಿಸಬಾರದು. ಅವರೊಂದಿಗೆ ತಾವೂ ಕುಳಿತುಕೊಳ್ಳಬೇಕು.

ಈ ವರ್ಷ ಬೆಟ್ಟಕ್ಕೆ ಹೋಗಬೇಕೆಂದಿರುವ ಭಕ್ತರು ಇಂದಿನಿಂದಲೇ ಮನೆಯ ಮೆಟ್ಟಿಲನ್ನು ದಿನಕ್ಕೆ ಐದು ಸಲ ಹತ್ತಲು ತೊಡಗಲಿ. ಎಲ್ಲರ ಯಾತ್ರೆಯೂ ಸುಖವಾಗಿ ನೆರವೇರಲೆಂದು ಹಾರೈಸುತ್ತೇವೆ.